ಹೊಳ್ಳಿ ಬಾರದ ಫಂಕ್ಷನ್‌ಗಳು: ಚಿಕನ್ ಸ್ಕೀಮ್ ಸಿ ಭಾಷೆಯಾಗುವ ಬಗೆ

ಕಂಪೈಲರ್ ಪಾಠ ಅಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಾಗೋದು ಎರಡೇ: ಲ್ಯಾಬ್‌ನಲ್ಲಿ ಬರೆದ ಲೆಕ್ಸ್-ಯಾಕ್ ಪ್ರೋಗ್ರಾಂ, ಪರೀಕ್ಷೆಯಲ್ಲಿ ತುಂಬಿಸಿದ ಪಾರ್ಸಿಂಗ್ ಟೇಬಲ್. ವ್ಯಾಕರಣ ಸರಿ ಇದೆಯಾ ಇಲ್ವಾ ಅಂತ ನೋಡೋದ್ರಲ್ಲೇ ಸೆಮಿಸ್ಟರ್ ಮುಗಿಯುತ್ತೆ. ಅದಾದ ಮೇಲೆ ಪ್ರೋಗ್ರಾಂ ಹೇಗೆ ಓಡುತ್ತೆ, ಫಂಕ್ಷನ್ ಕರೆದಾಗ ಸ್ಟ್ಯಾಕ್‌ನಲ್ಲಿ ಏನಾಗುತ್ತೆ, ಮೆಮೊರಿ ಕಸವನ್ನು ಯಾರು ಗುಡಿಸ್ತಾರೆ ಅನ್ನೋ ಪ್ರಶ್ನೆಗಳು ಹಾಗೇ ಉಳಿದುಬಿಡ್ತಾವೆ. ಇವೇ ಪ್ರಶ್ನೆಗಳು ಇಂಟರ್‌ವ್ಯೂನಲ್ಲಿ ಎದುರಾದಾಗ ನಾವು ಮುಖ ಮುಖ ನೋಡ್ತೇವೆ.

ಹಾಗಾಗಿ ಈ ಸಲ ಒಂದು ನಿಜವಾದ ಕಂಪೈಲರನ್ನು ತೆಗೆದುಕೊಂಡು ಒಳಗೆ ಇಣುಕಿ ನೋಡೋಣ. ಅದರ ಹೆಸರು ಚಿಕನ್ ಸ್ಕೀಮ್. (ಊಟದ ಚಿಕನ್‌ಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಇದರ ಲೈಬ್ರರಿಗಳಿಗೆ ‘ಎಗ್’ ಅಂತಲೇ ಕರೀತಾರೆ!) ಫೆಲಿಕ್ಸ್ ವಿಂಕೆಲ್‌ಮನ್ ಅನ್ನೋರು ಶುರು ಮಾಡಿದ ಈ ಕಂಪೈಲರ್ 2000ದಲ್ಲಿ ಹೊರಬಂತು. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಹಳೇ ಲ್ಯಾಪ್‌ಟಾಪ್ ಇರಲಿ, ರಾಸ್ಪ್‌ಬೆರಿ ಪೈ ಬೋರ್ಡ್ ಇರಲಿ, ಸಿ ಕಂಪೈಲರ್ ಇರೋ ಕಡೆ ಬಹುತೇಕ ಇದೂ ಓಡುತ್ತೆ. ಅದು ಹೇಗೆ ಸಾಧ್ಯ ಅನ್ನೋದೇ ಈ ಪಾಠ.

ಮೊದಲು ಭಾಷೆಯ ಪರಿಚಯ

ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಜಾನ್ ಮೆಕಾರ್ಥಿ ಅವರ ಕೈಯಲ್ಲಿ. ಇವತ್ತಿಗೂ ಬಳಕೆಯಲ್ಲಿರೋ ಭಾಷೆಗಳಲ್ಲಿ ಫೋರ್ಟ್ರಾನ್ ಬಿಟ್ಟರೆ ಬಹುಶಃ ಇದೇ ಹಿರಿಯ. ಸಿವಿಲ್, ಮೆಕ್ಯಾನಿಕಲ್ ಗೆಳೆಯರು ಆಟೋಕ್ಯಾಡ್‌ನಲ್ಲಿ ಕಾಣೋ ಆಟೋಲಿಸ್ಪ್ ಕೂಡ ಇದೇ ವಂಶದ್ದು. 1975ರಲ್ಲಿ ಅದೇ ಎಂಐಟಿಯಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಸೇರಿ ಲಿಸ್ಪನ್ನು ಇನ್ನಷ್ಟು ಸಣ್ಣದು ಮಾಡಿ ‘ಸ್ಕೀಮ್’ ಅಂತ ಹೆಸರಿಟ್ಟರು.

ಈ ಭಾಷೆಯ ವ್ಯಾಕರಣ ಎಷ್ಟು ಸಣ್ಣದು ಅಂದ್ರೆ ಒಂದೇ ಸಾಲಲ್ಲಿ ಹೇಳಬಹುದು: ಕಂಸದೊಳಗೆ ಮೊದಲು ಕೆಲಸದ ಹೆಸರು, ಆಮೇಲೆ ಅದಕ್ಕೆ ಬೇಕಾದ ಸಾಮಾನು. 2 ಮತ್ತು 3 ಕೂಡಿಸಬೇಕಾ? (+ 2 3) ಅಂತ ಬರೆದರಾಯ್ತು. ಲೆಕ್ಸ್, ಯಾಕ್ ಬೇಕಾಗೋದೇ ಇಲ್ಲ. ಕಂಸ ಎಣಿಸೋಕೆ ಬಂದರೆ ಪಾರ್ಸಿಂಗ್ ಮುಗೀತು. ಇನ್ನೊಂದು ಅನುಕೂಲ ಏನಂದ್ರೆ, ಮ್ಯಾಕ್ರೋ ಬಳಸಿ ಭಾಷೆಯ ಮೂಲ ಪದಗಳಿಗೂ ನಮಗೆ ಬೇಕಾದ ಹೆಸರು ಇಡಬಹುದು. ಆದ್ದರಿಂದ ಈ ಲೇಖನದ ಕೋಡನ್ನು ಕನ್ನಡದಲ್ಲೇ ಬರೀತೇವೆ: ‘ಡಿಫೈನ್’ ಬದಲು ‘ಹೆಸರಿಸು’, ‘ಇಫ್’ ಬದಲು ‘ಆದಲ್ಲಿ’. ಪಟ್ಟಿಯ ಮೊದಲ ಅಂಶ ಕೊಡೋ ‘ಕಾರ್’ ನಮಗೆ ‘ಮೊದಲು’, ಮಿಕ್ಕಿದ್ದು ಕೊಡೋ ‘ಕುಡರ್’ ನಮಗೆ ‘ಉಳಿದದ್ದು’.

ಒಂದು ಲೆಕ್ಕ

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರನ್ನು ಎಣಿಸಬೇಕು ಅಂದುಕೊಳ್ಳೋಣ. ಬೀದರ್‌ನಿಂದ 12, ಭಾಲ್ಕಿಯಿಂದ 30, ಔರಾದ್‌ನಿಂದ 8 ಜನ. ಪಟ್ಟಿ (12 30 8). ಮೊತ್ತ ಹಾಕೋ ಫಂಕ್ಷನ್ ಹೀಗೆ:

(ಹೆಸರಿಸು (ಮೊತ್ತ ಪಟ್ಟಿ)
  (ಆದಲ್ಲಿ (ಖಾಲಿಯೇ ಪಟ್ಟಿ)
    0
    (+ (ಮೊದಲು ಪಟ್ಟಿ)
       (ಮೊತ್ತ (ಉಳಿದದ್ದು ಪಟ್ಟಿ)))))

ಪಟ್ಟಿ ಖಾಲಿ ಇದ್ದರೆ ಉತ್ತರ 0. ಇಲ್ಲದಿದ್ದರೆ ಮೊದಲನೇದನ್ನು ಉಳಿದದ್ದರ ಮೊತ್ತಕ್ಕೆ ಕೂಡಿಸು. ಸಿ ಭಾಷೆಯಲ್ಲೂ ನಾವು ರಿಕರ್ಶನ್ ಅಂತ ಬರೆಯೋದು ಇದನ್ನೇ.

ಇದು ಓಡೋವಾಗ ಏನಾಗುತ್ತೆ? ಬೀದರ್‌ನವನು ತನ್ನ 12 ಕೈಯಲ್ಲಿ ಹಿಡಿದುಕೊಂಡು ಭಾಲ್ಕಿಯವನನ್ನು ಕೇಳ್ತಾನೆ, ಉತ್ತರ ಬರೋವರೆಗೆ ಅಲ್ಲೇ ನಿಂತಿರ್ತಾನೆ. ಭಾಲ್ಕಿಯವನು 30 ಹಿಡಿದುಕೊಂಡು ಔರಾದ್‌ನವನನ್ನು ಕೇಳ್ತಾನೆ, ಅವನೂ ನಿಂತಿರ್ತಾನೆ. ಔರಾದ್‌ನವನು ಮುಂದೆ ಕೇಳಿದರೆ ಅಲ್ಲಿ ಪಟ್ಟಿ ಖಾಲಿ, ಉತ್ತರ 0. ಅಲ್ಲಿಂದ 8, 38, 50 ಅಂತ ಉತ್ತರ ಒಬ್ಬೊಬ್ಬರ ಕೈ ದಾಟಿ ಬಂದ ದಾರಿಯಲ್ಲೇ ಹೊಳ್ಳಿ ಬರುತ್ತೆ. ಹೀಗೆ ಕಾಯ್ತಾ ನಿಂತಿರೋ ಒಬ್ಬೊಬ್ಬನೂ ಸ್ಟ್ಯಾಕ್‌ನಲ್ಲಿ ಒಂದೊಂದು ಫ್ರೇಮ್.

ಮೂರು ಊರಾದರೆ ತೊಂದರೆ ಇಲ್ಲ. ಪಟ್ಟಿಯಲ್ಲಿ ಹತ್ತು ಲಕ್ಷ ಅಂಶ ಇದ್ದರೆ? ಹತ್ತು ಲಕ್ಷ ಜನ ಸಾಲಾಗಿ ಕಾಯ್ತಾ ನಿಲ್ಲಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರೋಗ್ರಾಂಗೆ ಸಿಗೋ ಸ್ಟ್ಯಾಕ್ 8 ಎಂಬಿ. ಇದೇ ರಿಕರ್ಶನನ್ನು ಸಿ ಭಾಷೆಯಲ್ಲಿ ಬರೆದು, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಓಡಿಸಿದರೆ ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಬಂದು ನಿಲ್ಲುತ್ತೆ.

ಸ್ಕೀಮ್‌ಗೆ ಇದು ಇನ್ನೂ ದೊಡ್ಡ ತಲೆನೋವು. ಯಾಕಂದ್ರೆ ಆ ಭಾಷೆಯಲ್ಲಿ ‘ಫಾರ್’, ‘ವೈಲ್’ ಥರದ ಲೂಪನ್ನೂ ಫಂಕ್ಷನ್ ಕರೆಯಿಂದಲೇ ಮಾಡೋದು. ಫಂಕ್ಷನ್‌ನ ಕೊನೆಯ ಕೆಲಸವೇ ಇನ್ನೊಂದು ಫಂಕ್ಷನ್ ಕರೆಯೋದಾಗಿದ್ದರೆ (ಇದಕ್ಕೆ ಟೇಲ್ ಕಾಲ್ ಅಂತಾರೆ) ಸ್ಟ್ಯಾಕ್ ಬೆಳೆಯಲೇಬಾರದು ಅಂತ ಸ್ಕೀಮ್‌ನ ಮಾನದಂಡ ಕಡ್ಡಾಯ ಮಾಡಿದೆ. ಸಿ ಭಾಷೆಯ ಮಾನದಂಡ ಅಂಥ ಯಾವ ಭರವಸೆಯನ್ನೂ ಕೊಡೋದಿಲ್ಲ. ಹಾಗಾದರೆ ಸ್ಕೀಮನ್ನು ಸಿಗೆ ಅನುವಾದ ಮಾಡೋದು ಹೇಗೆ?

ಸಿ ಯಾಕೆ ಬೇಕು?

ನೇರವಾಗಿ ಮಷಿನ್ ಕೋಡ್ ಬರೆಯಬಹುದಲ್ಲ ಅಂತ ಕೇಳಬಹುದು. ಬರೆಯಬಹುದು. ಕೆಂಟ್ ಡಿಬ್‌ವಿಗ್ ಅವರ ಚೇಜ್ ಸ್ಕೀಮ್ ಹಾಗೇ ಮಾಡುತ್ತೆ, ಬಹಳ ವೇಗವಾಗಿಯೂ ಓಡುತ್ತೆ. ಆದರೆ ಇಂಟೆಲ್‌ಗೆ ಒಂದು, ಆರ್ಮ್‌ಗೆ ಒಂದು ಅಂತ ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆ ಕೋಡ್ ಜನರೇಟರ್ ಬರೆದು ಸಾಕಬೇಕು. ಸಣ್ಣ ತಂಡಕ್ಕೆ ಅದು ಭಾರ.

ಸಿ ಕಂಪೈಲರ್ ಮಾತ್ರ ಎಲ್ಲ ಕಡೆ ಇರುತ್ತೆ. ಜಿಸಿಸಿ, ಕ್ಲ್ಯಾಂಗ್ ಮಾಡಿದವರು ವರ್ಷಗಟ್ಟಲೆ ಕೂತು ಆಪ್ಟಿಮೈಸ್ ಮಾಡಿದ್ದಾರೆ. ಆ ದುಡಿಮೆಯನ್ನು ಸುಮ್ಮನೆ ಬಳಸಿಕೊಂಡರೆ ಸಣ್ಣ ಭಾಷೆ ದೊಡ್ಡ ಭಾಷೆಯ ಬೆನ್ನೇರಿ ಊರೂರು ಸುತ್ತಬಹುದು. ಸಿ++ ಕೂಡ ಮೊದಮೊದಲು ಹೀಗೇ ಇತ್ತು: ಬ್ಯಾರ್ನ್ ಸ್ಟ್ರೌಸ್ಟ್ರುಪ್ ಬರೆದ ‘ಸಿಫ್ರಂಟ್’ ಅನ್ನೋ ಕಂಪೈಲರ್ ಸಿ++ ಅನ್ನು ಸಿಗೆ ಅನುವಾದಿಸ್ತಿತ್ತು. ಮಾಂಟ್ರಿಯಲ್‌ನ ಮಾರ್ಕ್ ಫೀಲಿ ಅವರ ಗ್ಯಾಂಬಿಟ್, ಫ್ರಾನ್ಸ್‌ನ ಮ್ಯಾನ್ಯುಯೆಲ್ ಸೆರ್ರಾನೋ ಅವರ ಬಿಗ್ಲೂ ಕೂಡ ಸ್ಕೀಮನ್ನು ಸಿಗೆ ತಿರುಗಿಸೋ ಕಂಪೈಲರ್‌ಗಳೇ.

ನಮ್ಮ ಬಿದರಿ ಕೆಲಸದ ಹಾಗೆ

ಚಿಕನ್‌ನ ಕೆಲಸ ಒಂದೇ ಏಟಿಗೆ ಆಗೋದಿಲ್ಲ, ಹಂತ ಹಂತವಾಗಿ ಸಾಗುತ್ತೆ. ಬೀದರ್‌ನಲ್ಲಿ ಬಿದರಿ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಸತು-ತಾಮ್ರದ ಎರಕ ಹೊಯ್ದು, ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ. ಆ ಕಪ್ಪು ಕೊಳ್ಳುವವರಿಗಾಗಿ ಅಲ್ಲ, ಚಿತ್ತಾರದ ಗೆರೆ ಕುಶಲಕರ್ಮಿಯ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ. ಕೆತ್ತಿ, ಬೆಳ್ಳಿ ಕೂಡಿಸಿದ ಮೇಲೆ ಅದನ್ನು ಉಜ್ಜಿ ತೆಗೀತಾರೆ. ಕೊನೆಯ ಕಪ್ಪು ಬರೋದು ಕೋಟೆಯ ಮಣ್ಣಿನಿಂದ.

ಕಂಪೈಲರ್‌ನಲ್ಲೂ ಇಂಥ ತಾತ್ಕಾಲಿಕ ರೂಪ ಇರುತ್ತೆ. ಪ್ರೋಗ್ರಾಂ ಬರೆದವರಿಗೂ ಅದು ಕಾಣಲ್ಲ, ಮಷಿನ್‌ಗೂ ಕಾಣಲ್ಲ. ನಡುವಿನ ಕೆಲಸಕ್ಕೆ ಮಾತ್ರ ಬೇಕು. ಚಿಕನ್‌ನ ಹಂತಗಳು ಸ್ಥೂಲವಾಗಿ ಹೀಗಿವೆ:

1. ಮೂಲ ಕೋಡ್ ಓದಿ, ಮ್ಯಾಕ್ರೋಗಳನ್ನು ಬಿಡಿಸಿ, ಕೆಲವೇ ಕೆಲವು ಮೂಲ ರಚನೆಗಳಿಗೆ ಇಳಿಸೋದು.
2. ಅದನ್ನು ‘ಕಂಟಿನ್ಯುಯೇಶನ್ ಪಾಸಿಂಗ್ ಸ್ಟೈಲ್’ಗೆ, ಚಿಕ್ಕದಾಗಿ ಸಿಪಿಎಸ್‌ಗೆ, ತಿರುಗಿಸೋದು.
3. ಆ ರೂಪದಲ್ಲೇ ವಿಶ್ಲೇಷಣೆ ಮತ್ತು ಆಪ್ಟಿಮೈಸೇಶನ್.
4. ಕ್ಲೋಶರ್ ಕನ್ವರ್ಶನ್. ಅಂದ್ರೆ ಫಂಕ್ಷನ್ ಹೊರಗಿನಿಂದ ಬಳಸೋ ಹೆಸರುಗಳನ್ನೆಲ್ಲ ಒಂದು ಗಂಟು ಕಟ್ಟಿ ಅದರ ಜೊತೆಗೇ ಕೊಡೋದು.
5. ಸಿ ಕೋಡ್ ಬರೆಯೋದು. ಆಮೇಲಿನದು ಜಿಸಿಸಿ ಅಥವಾ ಕ್ಲ್ಯಾಂಗ್‌ನ ಪಾಲು.

ಇದರಲ್ಲಿ ಎರಡನೇ ಹಂತವೇ ಹೂರಣ. 1978ರಲ್ಲಿ ಗೈ ಸ್ಟೀಲ್ ತಮ್ಮ ಮಾಸ್ಟರ್ಸ್ ಪ್ರಬಂಧಕ್ಕಾಗಿ ಬರೆದ ‘ರ್‍ಯಾಬಿಟ್’ ಕಂಪೈಲರ್‌ನಲ್ಲೇ ಈ ದಾರಿ ತೋರಿಸಿದ್ದರು.

ಚೀಟಿ ಅಂಟಿಸೋ ವಿದ್ಯೆ

ಬೀದರ್‌ನವನು ಕಾಯ್ತಾ ನಿಲ್ಲೋದು ಬೇಡ ಅಂತಾದರೆ ಏನು ಮಾಡಬೇಕು? ಭಾಲ್ಕಿಗೆ ಕಳಿಸೋ ಲಕೋಟೆಗೆ ಒಂದು ಚೀಟಿ ಅಂಟಿಸಿದರಾಯ್ತು: ‘ಬಂದ ಉತ್ತರಕ್ಕೆ 12 ಕೂಡಿಸಿ ಕೇಳಿದವರಿಗೆ ಕೊಡಿ.’ ಇಷ್ಟು ಬರೆದುಕೊಟ್ಟು ಅವನು ಮನೆಗೆ ಹೋಗಬಹುದು. ಭಾಲ್ಕಿಯವನು ಅದರ ಮೇಲೆ ತನ್ನ ಚೀಟಿ ಅಂಟಿಸ್ತಾನೆ: ‘ಬಂದ ಉತ್ತರಕ್ಕೆ 30 ಕೂಡಿಸಿ ಕೆಳಗಿನ ಚೀಟಿಗೆ ಕೊಡಿ.’ ಔರಾದ್‌ನವನೂ ಹಾಗೇ 8ರ ಚೀಟಿ ಅಂಟಿಸ್ತಾನೆ. ಕೊನೆಗೆ ಪಟ್ಟಿ ಖಾಲಿಯಾದಾಗ, ಮೇಲಿನ ಚೀಟಿಗೆ 0 ಕೊಟ್ಟರೆ ಆಯ್ತು. 8, 38, 50. ಉತ್ತರ ಸಿಕ್ತು, ಯಾರೂ ಯಾರಿಗೂ ಕಾಯಲಿಲ್ಲ, ಯಾರೂ ಹೊಳ್ಳಿ ಬರಲಿಲ್ಲ.

ಈ ಚೀಟಿಗೇ ಕಂಟಿನ್ಯುಯೇಶನ್ ಅಂತ ಹೆಸರು. ‘ಮುಂದೆ ಮಾಡಬೇಕಾದ ಕೆಲಸ’ ಅಂತ ಅರ್ಥ. ಕೋಡ್‌ನಲ್ಲಿ ಅದು ಇನ್ನೊಂದು ಆರ್ಗ್ಯುಮೆಂಟ್ ಅಷ್ಟೇ:

(ಹೆಸರಿಸು (ಮೊತ್ತ ಪಟ್ಟಿ ಮುಂದೆ)
  (ಆದಲ್ಲಿ (ಖಾಲಿಯೇ ಪಟ್ಟಿ)
    (ಮುಂದೆ 0)
    (ಮೊತ್ತ (ಉಳಿದದ್ದು ಪಟ್ಟಿ)
      (ಲ್ಯಾಮ್ಡಾ (ಬಂದದ್ದು)
        (ಮುಂದೆ (+ (ಮೊದಲು ಪಟ್ಟಿ) ಬಂದದ್ದು))))))

ಎರಡೂ ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೇದರಲ್ಲಿ ಪ್ರತಿಯೊಂದು ಕರೆಯೂ ಟೇಲ್ ಕಾಲ್. ಕರೆದ ಮೇಲೆ ಮಾಡೋಕೆ ಏನೂ ಉಳಿದಿಲ್ಲ, ಉಳಿದದ್ದೆಲ್ಲ ‘ಲ್ಯಾಮ್ಡಾ’ ಅನ್ನೋ ಚೀಟಿಯೊಳಗೆ ಹೋಗಿದೆ. ಈ ಪರಿವರ್ತನೆಯನ್ನು ನಾವು ಕೈಯಾರೆ ಮಾಡಬೇಕಿಲ್ಲ, ಕಂಪೈಲರ್ ತಾನೇ ಮಾಡುತ್ತೆ.

ಇಲ್ಲೊಂದು ಸಂಶಯ ಬರಬೇಕು. ಕಾಯೋ ಜನರ ಬದಲು ಚೀಟಿಗಳ ಕಂತೆ ಬೆಳೆದಿದೆ ಅಷ್ಟೇ ಅಲ್ವಾ, ಮೆಮೊರಿ ಎಲ್ಲಿ ಉಳೀತು? ಸರಿಯಾದ ಪ್ರಶ್ನೆ. ಮೆಮೊರಿ ಉಳೀಲಿಲ್ಲ. ಆದರೆ ಸ್ಟ್ಯಾಕ್ ಫ್ರೇಮ್ ಅನ್ನೋದು ಸಿ ಕಂಪೈಲರ್‌ನ ಸ್ವಂತ ಆಸ್ತಿ, ಅದನ್ನು ನಾವು ಮುಟ್ಟೋ ಹಾಗಿಲ್ಲ. ಚೀಟಿಯಾದರೋ ನಮ್ಮದೇ ಡೇಟಾ. ಅದನ್ನು ಎತ್ತಿ ಇನ್ನೊಂದು ಕಡೆ ಇಡಬಹುದು, ಬೇಡವಾದರೆ ಬಿಸಾಡಬಹುದು. ಮುಂದಿನ ಚಮತ್ಕಾರವೆಲ್ಲ ನಿಂತಿರೋದು ಇದರ ಮೇಲೆ.

ರೈಲಿನಿಂದ ಇಳಿಯಲಾಗದ ಚಾರ್ಲಿ

ಈಗ ಸಿಪಿಎಸ್ ರೂಪದ ಒಂದೊಂದು ಲ್ಯಾಮ್ಡಾವನ್ನೂ ಒಂದೊಂದು ಸಿ ಫಂಕ್ಷನ್ ಆಗಿ ಬರೀಬೇಕು. ಆದರೆ ಸಿ ಫಂಕ್ಷನ್ ಕರೆದಾಗಲೆಲ್ಲ, ಟೇಲ್ ಕಾಲ್ ಆಗಿದ್ದರೂ, ಸ್ಟ್ಯಾಕ್ ಬೆಳೀಬಹುದು. ಇದಕ್ಕೆ ಒಂದು ಪರಿಹಾರ ‘ಟ್ರ್ಯಾಂಪೊಲಿನ್’: ಫಂಕ್ಷನ್ ಮುಂದಿನದನ್ನು ತಾನೇ ಕರೆಯೋದಿಲ್ಲ, ‘ಮುಂದೆ ಇವನನ್ನು ಕರಿ’ ಅಂತ ಹೇಳಿ ಒಂದು ಪುಟ್ಟ ಲೂಪ್‌ಗೆ ಹಿಂತಿರುಗುತ್ತೆ. ಗ್ಯಾಂಬಿಟ್ ಈ ದಾರಿಯಲ್ಲಿ ನಡೆಯುತ್ತೆ. ಇದರಲ್ಲಿ ಕಷ್ಟ ಅಂದ್ರೆ ಹೀಗೆ ನೆಗೆದಾಗಲೆಲ್ಲ ಸ್ವಲ್ಪ ಸಮಯ ಖರ್ಚು.

ಹೆನ್ರಿ ಬೇಕರ್ ಅನ್ನೋ ವಿಜ್ಞಾನಿ 1994ರಲ್ಲಿ ತಲೆಕೆಳಗಾದ ಉಪಾಯ ಹೇಳಿದರು: ಸ್ಟ್ಯಾಕ್ ಬೆಳೆಯುತ್ತಾ? ಬೆಳೀಲಿ ಬಿಡಿ! ಫಂಕ್ಷನ್‌ಗಳು ಎಂದೂ ಹಿಂತಿರುಗೋದಿಲ್ಲವಲ್ಲ, ಹಾಗಾಗಿ ಹಿಂದಿನ ಫ್ರೇಮ್‌ಗಳು ನಮಗೆ ಬೇಕಿಲ್ಲ. ಹೊಸ ಪಟ್ಟಿ, ಹೊಸ ಚೀಟಿ ಏನೇ ಮಾಡಿದರೂ ಅದನ್ನೂ ಸ್ಟ್ಯಾಕ್ ಮೇಲೇ ಮಾಡೋಣ. ಸ್ಟ್ಯಾಕ್ ತುಂಬೋಕೆ ಬಂದಾಗ ಜೀವಂತ ಇರೋ ಸಾಮಾನನ್ನಷ್ಟೇ ಹೀಪ್‌ಗೆ ಸಾಗಿಸಿ, ಇಡೀ ಸ್ಟ್ಯಾಕನ್ನು ಒಂದೇ ಏಟಿಗೆ ಅಳಿಸಿ, ಮತ್ತೆ ಬುಡದಿಂದ ಶುರು ಮಾಡೋಣ.

ಈ ಉಪಾಯಕ್ಕೆ ಬೇಕರ್ ‘ಚೀನಿ ಆನ್ ದಿ ಎಂಟಿಎ’ ಅಂತ ಹೆಸರಿಟ್ಟರು. ಬಾಸ್ಟನ್ ನಗರದ ರೈಲಿನ ಬಗ್ಗೆ ‘ಚಾರ್ಲಿ ಆನ್ ದಿ ಎಂಟಿಎ’ ಅಂತ 1949ರ ಒಂದು ಹಾಡಿದೆ. ಇಳಿಯೋಕೆ ಹೆಚ್ಚುವರಿ ಚಿಲ್ಲರೆ ಇಲ್ಲದೆ ಚಾರ್ಲಿ ರೈಲಿನಲ್ಲೇ ಸುತ್ತುತ್ತಾ ಇರ್ತಾನೆ, ಮನೆಗೆ ಹೊಳ್ಳಿ ಬರೋದೇ ಇಲ್ಲ. ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದವನು ಭಾಲ್ಕಿ, ಔರಾದ್ ಅಂತ ಮುಂದೆ ಮುಂದೆ ಹೋಗ್ತಾನೇ ಇದ್ದ ಹಾಗೆ. ನಮ್ಮ ಫಂಕ್ಷನ್‌ಗಳೂ ಚಾರ್ಲಿಯ ಥರವೇ. ಇನ್ನು ‘ಚೀನಿ’ ಅಂದ್ರೆ 1970ರಲ್ಲಿ ಗಾರ್ಬೇಜ್ ಕಲೆಕ್ಷನ್‌ನ ಪ್ರಸಿದ್ಧ ಅಲ್ಗಾರಿದಂ ಬರೆದ ಸಿ. ಜೆ. ಚೀನಿ. ಬೇಕರ್ ಈ ಇಬ್ಬರನ್ನು ಒಂದೇ ಬಂಡಿಗೆ ಹತ್ತಿಸಿದರು. ಅವರು ಕಾಗದದ ಮೇಲೆ ಹೇಳಿದ್ದನ್ನು ಪೂರ್ತಿ ಕಂಪೈಲರ್ ಆಗಿ ಬೆಳೆಸಿದ್ದು ಚಿಕನ್.

ಸ್ಟ್ಯಾಕ್ ತುಂಬಿದಾಗ ನಡೆಯೋದು

ಚಿಕನ್ ಬರೆದ ಪ್ರತಿ ಸಿ ಫಂಕ್ಷನ್‌ನ ಆರಂಭದಲ್ಲೂ, ತನಗೆ ಬೇಕಾದಷ್ಟು ಸ್ಟ್ಯಾಕ್ ಉಳಿದಿದೆಯಾ ಅನ್ನೋ ಪರೀಕ್ಷೆ ಇರುತ್ತೆ. ಇದ್ದರೆ ಕೆಲಸ ಮುಂದುವರಿಯುತ್ತೆ. ಇಲ್ಲದಿದ್ದರೆ ಆ ಫಂಕ್ಷನ್ ತನ್ನ ಆರ್ಗ್ಯುಮೆಂಟ್‌ಗಳನ್ನು ಒಂದು ಕಡೆ ಉಳಿಸಿ ಗಾರ್ಬೇಜ್ ಕಲೆಕ್ಟರನ್ನು ಕರೆಯುತ್ತೆ.

ಹಾಸ್ಟೆಲ್ ರೂಮ್ ಖಾಲಿ ಮಾಡೋದನ್ನು ನೆನಪಿಸಿಕೊಳ್ಳಿ. ಕಸ ಆಯ್ದು ಆಯ್ದು ಹೊರಗೆ ಹಾಕೋದು ಒಂದು ವಿಧಾನ. ಬೇಕಾದ ನಾಲ್ಕು ಸಾಮಾನು ಹೊಸ ರೂಮಿಗೆ ಒಯ್ದು, ಹಳೇದಕ್ಕೆ ಬೀಗ ಹಾಕೋದು ಇನ್ನೊಂದು. ಚೀನಿ ವಿಧಾನ ಎರಡನೇದು. ಕಸ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಬದುಕಿರೋ ಡೇಟಾ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಸಮಯ ಹಿಡಿಯುತ್ತೆ. ಪ್ರೋಗ್ರಾಂಗಳಲ್ಲಿ ಹೊಸದಾಗಿ ಹುಟ್ಟಿದ ವಸ್ತುಗಳಲ್ಲಿ ಬಹುಪಾಲು ಬೇಗನೆ ಬೇಡವಾಗ್ತಾವೆ, ಹಾಗಾಗಿ ಸಾಗಿಸೋದು ಸಾಮಾನ್ಯವಾಗಿ ಕಡಿಮೆಯೇ.

ಯಾವುದು ಜೀವಂತ ಅಂತ ಗೊತ್ತಾಗೋದು ಹೇಗೆ? ಉಳಿಸಿಟ್ಟ ಆರ್ಗ್ಯುಮೆಂಟ್‌ಗಳಿಂದ, ಗ್ಲೋಬಲ್ ಹೆಸರುಗಳಿಂದ ಶುರು ಮಾಡಿ ಪಾಯಿಂಟರ್ ಹಿಡಿದು ಹೋಗೋದು. ತಲುಪಿದ್ದೆಲ್ಲ ಜೀವಂತ. ಚೀಟಿ ಕೂಡ ಒಂದು ಆರ್ಗ್ಯುಮೆಂಟೇ ಆದ್ದರಿಂದ ಬಾಕಿ ಇರೋ ಕೆಲಸವೆಲ್ಲ ತಾನಾಗೇ ಉಳಿಯುತ್ತೆ. ಒಂದು ವಸ್ತುವನ್ನು ಹೀಪ್‌ಗೆ ಸಾಗಿಸಿದ ಮೇಲೆ ಅದರ ಹಳೇ ಜಾಗದಲ್ಲಿ ಹೊಸ ವಿಳಾಸ ಬರೆದಿಡ್ತಾರೆ. ಬೇರೆ ಯಾರಾದರೂ ಅದನ್ನೇ ಹುಡುಕಿ ಹಳೇ ಬಾಗಿಲಿಗೆ ಬಂದರೆ ಎರಡನೇ ನಕಲು ಮಾಡದೆ ಹೊಸ ವಿಳಾಸಕ್ಕೆ ಹೋಗ್ತಾರೆ.

ಒಂದು ಎಚ್ಚರಿಕೆ ಬೇಕು. ಹೀಪ್‌ನಲ್ಲಿರೋ ಹಳೇ ವಸ್ತುವಿನೊಳಗೆ ಸ್ಟ್ಯಾಕ್ ಮೇಲಿನ ಹೊಸ ವಸ್ತುವಿನ ವಿಳಾಸವನ್ನು ನಾವೇ ಬರೆದಿರಬಹುದು. ಆ ವಸ್ತು ತಪ್ಪಿಹೋಗಬಾರದು ಅಂತ ಚಿಕನ್ ಇಂಥ ಬದಲಾವಣೆಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತೆ.

ಸಾಗಾಣಿಕೆ ಮುಗಿದ ಮೇಲೆ ಸಿ ಭಾಷೆಯ ‘ಲಾಂಗ್‌ಜಂಪ್’ ಬಳಸಿ ಸ್ಟ್ಯಾಕ್‌ನ ಬುಡಕ್ಕೆ ಜಿಗಿದು, ಉಳಿಸಿಟ್ಟ ಆರ್ಗ್ಯುಮೆಂಟ್‌ಗಳ ಜೊತೆ ಅದೇ ಫಂಕ್ಷನನ್ನು ಮತ್ತೆ ಕರೀತಾರೆ. ಹಿಂದಿನ ಸಾವಿರಾರು ಫ್ರೇಮ್‌ಗಳು ಒಂದೇ ನೆಗೆತಕ್ಕೆ ಮಾಯ. ಹೀಪ್ ಕೂಡ ತುಂಬಿದಾಗ ಇದೇ ಚೀನಿ ವಿಧಾನದಿಂದ ಹೀಪ್‌ನ ಒಂದು ಅರ್ಧದಿಂದ ಇನ್ನೊಂದು ಅರ್ಧಕ್ಕೆ ಸಾಗಾಣಿಕೆ ಆಗುತ್ತೆ.

ಇದರಿಂದ ಸಿಕ್ಕಿದ್ದೇನು?

ಮೊದಲನೇದು, ಟೇಲ್ ಕಾಲ್ ಸಮಸ್ಯೆ ಪರಿಹಾರ. ಲೂಪ್ ಎಷ್ಟು ಸುತ್ತು ಸುತ್ತಿದರೂ ಸ್ಟ್ಯಾಕ್ ಆಗಾಗ ಖಾಲಿ ಆಗ್ತಾನೇ ಇರುತ್ತೆ. ಎರಡನೇದು, ನಮ್ಮ ಹತ್ತು ಲಕ್ಷದ ಪಟ್ಟಿ. ಚೀಟಿಗಳು ಹೀಪ್‌ಗೆ ಹೋಗೋದರಿಂದ 8 ಎಂಬಿ ಸ್ಟ್ಯಾಕ್‌ನ ಮಿತಿ ಅಡ್ಡ ಬರಲ್ಲ, ಹೀಪ್ ಇರೋವರೆಗೆ ಓಡುತ್ತೆ. ಮೂರನೇದು, ಹೊಸ ವಸ್ತು ಮಾಡೋದು ಬಹಳ ಅಗ್ಗ. ‘ಮ್ಯಾಲಕ್’ ಥರ ಖಾಲಿ ಜಾಗ ಹುಡುಕಬೇಕಿಲ್ಲ, ಸ್ಟ್ಯಾಕ್ ಪಾಯಿಂಟರ್ ಸರಿಸಿದರೆ ಮುಗೀತು. ನಾಲ್ಕನೇದು, ಸ್ಕೀಮ್‌ನಲ್ಲಿ ‘ಕಾಲ್-ಸಿಸಿ’ ಅಂತ ಒಂದು ವಿಶೇಷ ಸೌಲಭ್ಯ ಇದೆ. ಓಡ್ತಾ ಇರೋ ಪ್ರೋಗ್ರಾಂನ ‘ಮುಂದಿನ ಕೆಲಸ’ವನ್ನೇ ಹಿಡಿದಿಟ್ಟು ಆಮೇಲೆ ಬೇಕಾದಾಗ ಬಳಸೋದು. ಬೇರೆ ಕಂಪೈಲರ್‌ಗಳಲ್ಲಿ ಇದಕ್ಕಾಗಿ ಸ್ಟ್ಯಾಕನ್ನೇ ನಕಲು ಮಾಡಬೇಕಾಗಬಹುದು. ಇಲ್ಲಿ ಚೀಟಿ ಮೊದಲೇ ಕೈಯಲ್ಲಿದೆ!

ಇದಕ್ಕೆಲ್ಲ ಬೆಲೆಯೂ ಇದೆ. ಹುಟ್ಟೋ ಸಿ ಕೋಡ್ ಉದ್ದ, ಮನುಷ್ಯರು ಓದೋ ಥರ ಇರೋದಿಲ್ಲ. ಅದನ್ನು ಮತ್ತೆ ಜಿಸಿಸಿ ಕಂಪೈಲ್ ಮಾಡಬೇಕಾದ್ದರಿಂದ ದೊಡ್ಡ ಪ್ರೋಗ್ರಾಂಗೆ ಸಮಯ ಹಿಡಿಯುತ್ತೆ. ಚಿಕನ್‌ನ ಥ್ರೆಡ್‌ಗಳು ಅದರೊಳಗಿನವೇ, ಆಪರೇಟಿಂಗ್ ಸಿಸ್ಟಂನವಲ್ಲ. ಹಾಗಾಗಿ ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಇದ್ದರೂ ಒಂದು ಪ್ರೋಗ್ರಾಂನ ಸ್ಕೀಮ್ ಕೋಡ್ ಒಮ್ಮೆಗೆ ಒಂದರಲ್ಲೇ ಓಡುತ್ತೆ.

ಕನ್ನಡ ಅಕ್ಷರ ಎಣಿಸಿದಾಗ

ಕನ್ನಡ ಸಂಘದವರಾಗಿ ಇದೊಂದು ಹೇಳದೇ ಹೋದರೆ ಹೇಗೆ? ಚಿಕನ್‌ನ ಐದನೇ ಆವೃತ್ತಿಯಲ್ಲಿ ‘ಬೀದರ್’ ಅನ್ನೋ ಸ್ಟ್ರಿಂಗ್‌ನ ಉದ್ದ ಕೇಳಿದರೆ 15 ಅನ್ನುತ್ತೆ. ಮೂಲ ಲೈಬ್ರರಿ ಬೈಟ್ ಎಣಿಸುತ್ತೆ, ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ‘ಯುಟಿಎಫ್8’ ಅನ್ನೋ ಎಗ್ ಸೇರಿಸಿಕೊಂಡು ಕೇಳಿದರೆ 5 ಅನ್ನುತ್ತೆ: ಬ, ದೀರ್ಘದ ಗುಣಿತ, ದ, ರ, ವಿರಾಮ ಚಿಹ್ನೆ. ನಾವು ಎಣಿಸಿದರೆ ಬೀ-ದ-ರ್, ಮೂರೇ. ‘ಭಾಲ್ಕಿ’ ಇನ್ನೂ ಮಜಾ: 18 ಬೈಟ್, 6 ಸಂಕೇತ, ನಮ್ಮ ಕಣ್ಣಿಗೆ ಎರಡೇ ಅಕ್ಷರ. ಮೂರನೇ ಎಣಿಕೆಯನ್ನು, ಅಂದ್ರೆ ಕನ್ನಡಿಗರು ಎಣಿಸೋ ಎಣಿಕೆಯನ್ನು, ಕೊಡೋ ಫಂಕ್ಷನ್ ನಾವೇ ಬರೆದುಕೊಳ್ಳಬಹುದು. ಛಂದಸ್ಸಿನ ಮಾತ್ರೆ ಲೆಕ್ಕ ಹಾಕೋ ಪ್ರಾಜೆಕ್ಟ್ ಮಾಡೋರಿಗೆ ಇದೇ ಮೊದಲ ಮೆಟ್ಟಿಲು.

ಮಾಡಿ ನೋಡಿ

ಉಬುಂಟು ಇದ್ದರೆ ‘ಚಿಕನ್-ಬಿನ್’ ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ. ಬೇರೆ ಯಂತ್ರ ಆದರೂ ಚಿಂತೆ ಇಲ್ಲ. ಚಿಕನ್ ಕಂಪೈಲರ್ ಬರೆದಿರೋದು ಸ್ಕೀಮ್‌ನಲ್ಲೇ. ಹಾಗಾದರೆ ಮೊದಲ ಸಲ ಅದನ್ನು ಕಂಪೈಲ್ ಮಾಡೋಕೆ ಚಿಕನ್ ಬೇಕಲ್ಲ? ಅದಕ್ಕೇ ಬಿಡುಗಡೆಯ ಕಟ್ಟಿನಲ್ಲಿ ಮೊದಲೇ ತಯಾರಾದ ಸಿ ಫೈಲ್‌ಗಳನ್ನೂ ಸೇರಿಸಿರ್ತಾರೆ. ಸಿ ಕಂಪೈಲರ್ ಮತ್ತು ಗ್ನೂ ಮೇಕ್ ಇದ್ದರೆ ಸಾಕು. ಆಮೇಲೆ ಈ ಮೂರು ಕೆಲಸ ಮಾಡಿ:

1. ‘ಸಿಎಸ್‌ಐ’ ಅನ್ನೋದು ಸಾಲು ಸಾಲಾಗಿ ಓಡಿಸೋ ಇಂಟರ್‌ಪ್ರಿಟರ್. ಅದರಲ್ಲಿ ಮೇಲಿನ ಎರಡೂ ಮೊತ್ತ ಫಂಕ್ಷನ್ ಬರೆದು (12 30 8) ಕೊಟ್ಟು 50 ಬರುತ್ತಾ ನೋಡಿ. ಸಿಪಿಎಸ್ ರೂಪಕ್ಕೆ ಮೊದಲ ‘ಮುಂದೆ’ ಯಾವುದು ಕೊಡಬೇಕು ಅಂತ ನೀವೇ ಯೋಚಿಸಿ.
2. ‘ಸಿಎಸ್‌ಸಿ’ ಅನ್ನೋದು ಕಂಪೈಲರ್. ಅದಕ್ಕೆ ‘ಟಿ’ ಆಯ್ಕೆ ಕೊಟ್ಟರೆ ಸಿ ಕೋಡ್ ಮಾಡಿ ಅಲ್ಲಿಗೇ ನಿಲ್ಲುತ್ತೆ. ಆ ಫೈಲ್ ತೆರೆದು, ಸ್ಟ್ಯಾಕ್ ಉಳಿದಿದೆಯಾ ಅಂತ ನೋಡೋ ಪರೀಕ್ಷೆ ಎಲ್ಲಿದೆ ಹುಡುಕಿ.
3. ಹತ್ತು ಲಕ್ಷ ಅಂಶದ ಪಟ್ಟಿಯನ್ನು ಸಿ ರಿಕರ್ಶನ್‌ಗೂ ಚಿಕನ್‌ಗೂ ಕೊಟ್ಟು ಏನಾಗುತ್ತೆ ಹೋಲಿಸಿ.

ಎರಡನೇ ಕೆಲಸ ಮಾತ್ರ ತಪ್ಪಿಸಬೇಡಿ. ಕಂಪೈಲರ್ ಅಂದ್ರೆ ಯಾರೋ ದೊಡ್ಡವರು ಎಲ್ಲೋ ಕೂತು ಮಾಡಿಟ್ಟ ಪೆಟ್ಟಿಗೆ, ನಮಗೆ ಅರ್ಥ ಆಗೋದಲ್ಲ ಅನ್ನೋ ಹೆದರಿಕೆ ಆ ಫೈಲ್‌ನಲ್ಲಿ ನಿಮ್ಮದೇ ‘ಮೊತ್ತ’ವನ್ನು ಗುರುತು ಹಿಡಿದಾಗ ಕಡಿಮೆಯಾಗುತ್ತೆ. ಸಿಪಿಎಸ್ ರೂಪದ ಮೊದಲ ‘ಮುಂದೆ’ಗೆ ಉತ್ತರ ಸಿಕ್ಕವರು ಸಂಘದ ಫಲಕದ ಮೇಲೆ ಬರೆದು ಹಚ್ಚಿ. ಮುಂದಿನ ಸಂಚಿಕೆಯಲ್ಲಿ ಕನ್ನಡ ಅಕ್ಷರ ಎಣಿಸೋ ಫಂಕ್ಷನನ್ನು ಜೊತೆಗೇ ಕೂತು ಬರೆಯೋಣ.